ದಲ್ಲಾಳಿಗಳ ಸಂಘ ಹುಟ್ಟಿದ ಮನೆ

ಯಾರ ಮನೆಗೆ ಹೋದರೂ ಹೊಸ್ತಿಲು ದಾಟಿದ ಕೂಡಲೆ ನನ್ನ ಕತ್ತು ತಾನಾಗಿ ಮೇಲಕ್ಕೇಳುತ್ತದೆ. ಮನೆಯವರು "ಬರ್ರಿ, ಕೂತ್ಕಳ್ರಿ" ಎನ್ನುತ್ತಿರುತ್ತಾರೆ. ನಾನು ಮಾತ್ರ ತೊಲೆ ಯಾವ ಮರದ್ದು, ಜಂತೆಗೆ ಗೆದ್ದಲು ಹತ್ತಿದೆಯೇ, ಮಳೆ ಬಂದರೆ ಮಾಳಿಗೆ ಎಲ್ಲಿ ಸೋರಬಹುದು ಎಂದು ನೋಡುತ್ತಾ ನಿಂತಿರುತ್ತೇನೆ. ಆಮೇಲೆ ಕೈ ಹತ್ತಿರದ ಕಂಬದ ಮೇಲೆ ಹೋಗುತ್ತದೆ. ಬೆರಳ ಗೆಣ್ಣಿನಿಂದ ಬಡಿದು ಸದ್ದು ಕೇಳದ ಹೊರತು ಕೊಟ್ಟ ನೀರು ಗಂಟಲಲ್ಲಿ ಇಳಿಯುವುದಿಲ್ಲ. ಮೊನ್ನೆ ತಂಗಿಯ ಮೊಮ್ಮಗಳಿಗೆ ಗಂಡು ನೋಡಲು ಹೋದಾಗಲೂ ಹೀಗೇ ಆಯಿತು. ಹುಡುಗ ಬಂದು ನನ್ನ ಕಾಲಿಗೆ ನಮಸ್ಕಾರ ಮಾಡಿ ಎದ್ದು ಹೋದದ್ದು ನನ್ನ ಗಮನಕ್ಕೇ ಬರಲಿಲ್ಲ. ವಾಪಸು ಬರುವಾಗ ತಂಗಿ, "ಹೆಂಗೈದಾನಣ್ಣ?" ಎಂದು ಕೇಳಿದಳು. "ಗಟ್ಟಿಯಾಗೈತೆ. ಹಿಂದಿನ ಗೋಡೆ ಮಾತ್ರ ಸ್ವಲ್ಪ ವಾಲೈತೆ" ಎಂದೆ. ಮನೆ ಮುಟ್ಟುವ ತನಕ ಅವಳು ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು.

ಏನು ಮಾಡಲಿ ಹೇಳಿ. ಮೀಸೆ ಚಿಗುರಿದಂದಿನಿಂದ ಅದು ನೆರೆಯುವವರೆಗೆ ನಾನು ಮಾಡಿದ್ದು ಅದೊಂದೇ ಕೆಲಸ. ಮನೆ, ಹಿತ್ತಲು, ಹೊಲ, ಕಣ, ಇವನ್ನು ಮಾರುವವರ ಕೈಯಿಂದ ಕೊಳ್ಳುವವರ ಕೈಗೆ ದಾಟಿಸುವ ದಲ್ಲಾಳಿತನ. ನಮ್ಮ ಕಸುಬಿನಲ್ಲಿ ಮಾತು ಗಟ್ಟಿಯಾಗಲಿ ಎಂದು ಕೊಡುವ ಮುಂಗಡಕ್ಕೆ ಸಂಚಕಾರ ಎನ್ನುತ್ತಾರೆ. ಜೀವಕ್ಕೆ ಅಪಾಯ ಬಂದರೂ ಸಂಚಕಾರ ಬಂತು ಎನ್ನುತ್ತಾರೆ. ಎರಡಕ್ಕೂ ಒಂದೇ ಮಾತು ಇಟ್ಟ ಹಿರಿಯರ ಬೀದಿಯಲ್ಲಿ ಖಂಡಿತ ಒಬ್ಬ ದಲ್ಲಾಳಿ ಇದ್ದಿರಬೇಕು.

ಈಗ ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಹೋದ ವಾರ ನಮ್ಮ ಸಂಘದ ಈಗಿನ ಹುಡುಗರು ಬಂದಿದ್ದರು. ಚಳ್ಳಕೆರೆ, ಮೊಳಕಾಲ್ಮೂರು ಎರಡೂ ಕಡೆಯ ಮನೆ-ಜಮೀನು ದಲ್ಲಾಳಿಗಳಿಗೆ ಸೇರಿ ಇರುವುದು ಅದೊಂದೇ ಸಂಘ. ಈಗ ಅದಕ್ಕೆ ಬೋರ್ಡು ಇದೆ, ಬೆಂಚು ಇದೆ, ಬೀಗ ಹಾಕುವ ಬಾಗಿಲಿದೆ. "ಯಜಮಾನ್ರೇ, ಸಂಘ ಹುಟ್ಟಿದ್ದು ಕಂಡೋರು ಈಗ ನೀವೊಬ್ರೇ. ಇತಿಹಾಸ ಬರ್ಕೊಡ್ರಿ" ಎಂದರು. ಮೊದಲ ದಿನ ದೀಪ ಹಚ್ಚಿದ ದೊಡ್ಡ ಮನುಷ್ಯರು ಯಾರು ಎಂಬುದು ಅವರಿಗೆ ಮುಖ್ಯವಾಗಿ ಬೇಕಾಗಿತ್ತು.

"ಯಾರೂ ದೀಪ ಹಚ್ಚಲಿಲ್ಲಪ್ಪ. ಬೇಲಿ ಹಾಕಿದ್ರು" ಎಂದೆ. ಹುಡುಗರು ಮುಖ ಮುಖ ನೋಡಿಕೊಂಡರು. ಮುದುಕನಿಗೆ ಅರಳು ಮರಳು ಎಂದುಕೊಂಡರೋ ಏನೋ, ಕಾಫಿ ಕುಡಿದು ಎದ್ದು ಹೋದರು. ಅವರಿಗೆ ಹೇಳದೆ ಉಳಿದದ್ದನ್ನು ನಿಮಗೆ ಹೇಳುತ್ತೇನೆ.

ಇಪ್ಪತ್ತನೆಯ ಶತಮಾನ ಇನ್ನೂ ಹಸುಗೂಸಾಗಿದ್ದ ಕಾಲ. ಮಹಾರಾಜರ ಆಳ್ವಿಕೆ. ನಮ್ಮ ಸೀಮೆಗೆ ಮೋಟಾರು ಬಂದಿರಲಿಲ್ಲ. ನಾನು ಮೊಳಕಾಲ್ಮೂರಿನವನು. ಹೊಸದಾಗಿ ಮದುವೆಯಾಗಿದ್ದೆ, ಕಸುಬೂ ಹೊಸದು. ಹೆಗಲ ಮೇಲೆ ಜರಿ ಅಂಚಿನ ಶಲ್ಯ ಹಾಕಿಕೊಂಡು, ನನ್ನಷ್ಟು ಚೆಂದ ಮಾತಾಡುವವನು ಮೂರು ತಾಲ್ಲೂಕಿನಲ್ಲಿ ಇಲ್ಲವೆಂದು ನಂಬಿ ಓಡಾಡುತ್ತಿದ್ದೆ. ಚಳ್ಳಕೆರೆ ಪೇಟೆಯಲ್ಲಿ ಈರಬಸಪ್ಪ ಎಂಬ ಹಿರಿಯ ದಲ್ಲಾಳಿ ಇದ್ದ. ದಪ್ಪ ಮೀಸೆ, ಬುಟ್ಟಿಯಂಥ ರುಮಾಲು, ಬೀದಿಯ ಆ ತುದಿಗೆ ಕೇಳುವ ಕಂಠ. ಅವನೂ ತನ್ನ ಬಗ್ಗೆ ಅದನ್ನೇ ನಂಬಿದ್ದ. ಚಳ್ಳಕೆರೆಯವರ ಮಾತು ಅವರ ಕಂಬಳಿಯ ಹಾಗೆ ಚುಚ್ಚುತ್ತದೆ ಎಂದು ನಾವು ಆಡಿಕೊಳ್ಳುತ್ತಿದ್ದೆವು. ಮೊಳಕಾಲ್ಮೂರಿನವರು ರೇಷ್ಮೆ ಸೀರೆಯ ಹಾಗೆ ಮಾತಿಗೂ ಮಡಿಕೆ ಹಾಕಿ ಒಳಗಿನ ತೂತು ಮುಚ್ಚುತ್ತಾರೆ ಎಂದು ಅವರು ಆಡಿಕೊಳ್ಳುತ್ತಿದ್ದರು. ಈರಬಸಪ್ಪನ ಊರಿಗೆ ನಾನು ಕಾಲಿಡುತ್ತಿರಲಿಲ್ಲ, ನಮ್ಮೂರಿಗೆ ಅವನು ಬರುತ್ತಿರಲಿಲ್ಲ. ಆದರೆ ಎರಡೂ ಊರಿನ ನಡುವಿನ ದಾರಿಯಲ್ಲಿ ಕೊಂಡ್ಲಹಳ್ಳಿ ಇತ್ತು. ಅದು ಯಾರ ಪಾಲಿನದೆಂದು ಯಾರೂ ತೀರ್ಮಾನಿಸಿರಲಿಲ್ಲ.

ಕೊಂಡ್ಲಹಳ್ಳಿಯ ಅಂಚಿನಲ್ಲಿ ಪಾಪಕ್ಕ ಎಂಬ ಮುದುಕಿಯ ಮನೆ ಮಾರಾಟಕ್ಕಿತ್ತು. ಪಾಪಕ್ಕ ಆ ಊರಿನ ಸೂಲಗಿತ್ತಿ. ಕಣ್ಣಿಗೆ ಪೊರೆ ಬಂದು ಎದುರಿಗಿದ್ದವರು ಬರಿ ನೆರಳಾಗಿ ಕಾಣುತ್ತಿದ್ದರು. ಇನ್ನು ಒಬ್ಬಳೇ ಇರುವುದು ಬೇಡವೆಂದು ದೊಡ್ಡಉಳ್ಳಾರ್ತಿಯಲ್ಲಿದ್ದ ಮಗಳು ಕರೆಯುತ್ತಿದ್ದಳು. ಮನೆ ಗಟ್ಟಿಯಾದದ್ದು. ಮಣ್ಣಿನ ಮಾಳಿಗೆ, ವಿಶಾಲವಾದ ಪಡಸಾಲೆ, ಮುಂದೆ ಉದ್ದನೆಯ ಜಗಲಿ, ಹಿತ್ತಲಲ್ಲಿ ಸಿಹಿನೀರಿನ ಬಾವಿ. ನಾನು ಅದನ್ನು ರಾಯದುರ್ಗದ ಕಡೆಯಿಂದ ಬರಲಿದ್ದ ನೇಕಾರ ದಂಪತಿಗೆ ಗೊತ್ತು ಮಾಡಿ ಪಾಪಕ್ಕನ ಕೈಗೆ ಸಂಚಕಾರ ಕೊಟ್ಟು ಬಂದೆ. ಮಗ್ಗ ಹೂಡಲು ಅಂಥ ಪಡಸಾಲೆ ಹುಡುಕಿದರೂ ಸಿಗುತ್ತಿರಲಿಲ್ಲ.

ಅಷ್ಟರಲ್ಲಿ ಚಳ್ಳಕೆರೆ ಪೇಟೆಯಲ್ಲಿ ಇಲಿ ಬಿತ್ತು. ಇಲಿ ಬೀಳುವುದೆಂದರೆ ಏನೆಂದು ಈಗಿನವರಿಗೆ ಬಿಡಿಸಿ ಹೇಳಬೇಕು. ಮಾಳಿಗೆಯ ಸಂದಿಯಿಂದ ಇಲಿಯೊಂದು ತೂರಾಡುತ್ತಾ ಬಂದು ಅಂಗಳದಲ್ಲಿ ಬಿದ್ದು ಸತ್ತರೆ ಪ್ಲೇಗು ಬಂತೆಂದೇ ಲೆಕ್ಕ. ಹಿಂದೆಯೇ ಜ್ವರ, ಕಂಕುಳಲ್ಲೋ ತೊಡೆಸಂದಿಯಲ್ಲೋ ಗಡ್ಡೆ, ಆಮೇಲೆ ಮಾತಿಗೆ ಸಮಯವಿರುತ್ತಿರಲಿಲ್ಲ. ಇಲಿ ಬಿದ್ದ ಸುದ್ದಿ ಕೇಳಿದರೆ ಜನ ಮನೆಗೆ ಕದ ಹಾಕಿ ಊರಾಚೆ ಗುಡಿಸಲು ಕಟ್ಟಿಕೊಳ್ಳುತ್ತಿದ್ದರು. ಬೆಲ್ಲದ ಅಂಗಡಿಯವನೊಬ್ಬ ಮಾತ್ರ ಗುಡಿಸಲು ಬೇಡವೆಂದ. ಅವನ ಹೆಂಡತಿ ಗೌರಮ್ಮ ತುಂಬಿದ ಬಸುರಿ. ದೂರದಲ್ಲಿ ಒಂದು ಒಳ್ಳೆಯ ಮನೆ ಕೊಡಿಸು ಎಂದು ಈರಬಸಪ್ಪನನ್ನು ಹಿಡಿದುಕೊಂಡ. ಈರಬಸಪ್ಪ ಕೊಂಡ್ಲಹಳ್ಳಿಗೆ ಬಂದು, ಪಾಪಕ್ಕನೊಡನೆ ಮಾತಾಡಿ, ಅವನೂ ಸಂಚಕಾರ ಕೊಟ್ಟು ಹೋದ.

ನಾನು ನೇಕಾರರ ಗಾಡಿಯಲ್ಲೇ ಕೂತು ಬಂದ ದಿನ ಬೆಳಿಗ್ಗೆ ಪಾಪಕ್ಕ ಜಗಲಿಯ ಮೇಲೆ ಬಟ್ಟೆಗಂಟು ಕಟ್ಟಿಕೊಂಡು ಕೂತಿದ್ದಳು. ಮಗ್ಗದ ಮರಗಳನ್ನು ಒಳಗೆ ಸಾಗಿಸಿ ಆಗಿತ್ತು. ನೇಕಾರನ ಹೆಂಡತಿ ನರಸಮ್ಮ ಒಲೆ ಸಾರಿಸುತ್ತಿದ್ದಳು. ಆಗ ಚಳ್ಳಕೆರೆ ದಾರಿಯಿಂದ ಇನ್ನೊಂದು ಗಾಡಿ ಬಂದು ಅದೇ ಬಾಗಿಲಲ್ಲಿ ನಿಂತಿತು. ಮುಂದೆ ಬೆಲ್ಲದಂಗಡಿಯವನು, ಪಕ್ಕದಲ್ಲಿ ಎತ್ತುಗಳ ಹಿಂದಿನ ಮೂಕಿಯ ಹಲಗೆಯ ಮೇಲೆ ಈರಬಸಪ್ಪನ ರುಮಾಲು.

"ಇಲ್ಲೇನು ಕೆಲಸಲೇ ನಿಂಗೆ?" ಎಂದ ಈರಬಸಪ್ಪ, ಇನ್ನೂ ಇಳಿಯುವ ಮೊದಲೇ.

"ಅದನ್ನ ನಾನು ಕೇಳಬೇಕು ನಿಮ್ಮನ್ನ. ಈ ಮನೆಗೆ ಸಂಚಕಾರ ಕೊಟ್ಟೋನು ನಾನು."

"ಕೊಟ್ಟೋನು ನಾನು!"

ಇಬ್ಬರೂ ಪಾಪಕ್ಕನ ಮುಂದೆ ಹೋಗಿ ನಿಂತೆವು. ಮುದುಕಿ ನಮ್ಮ ಎರಡು ನೆರಳನ್ನೂ ಬಹಳ ಹೊತ್ತು ದಿಟ್ಟಿಸಿದಳು. ಅವಳ ಬಾಯಿ ನಿಧಾನವಾಗಿ ತೆರೆಯಿತು.

"ಅಯ್ಯೋ ನನ್ನಪ್ಪಗಳಿರಾ, ನೀವು ಇಬ್ರಾ? ನಾನು ಒಬ್ಬನೇ ಅಂತ ತಿಳ್ಕಂಡಿದ್ನಲ್ಲ! ಬಂದೋನೇ ಇನ್ನೊಂದ್ಸಲ ಬಂದು ಇನ್ನಷ್ಟು ಕೊಟ್ಟ ಅಂದ್ಕಂಡೆ."

ಅಂಥ ಅವಮಾನ ನನಗೆ ಅದುವರೆಗೆ ಆಗಿರಲಿಲ್ಲ. ಆ ಮುದಿಮೀಸೆಯೂ ಹೊಸ ಮದುಮಗನಾದ ನಾನೂ ಒಬ್ಬನೇ! "ಕಣ್ಣು ಕಾಣಲ್ಲ, ಸರಿ. ದನೀನಾದ್ರೂ ಗೊತ್ತಾಗಲಿಲ್ವೇನವ್ವ?" ಎಂದೆ.

"ದನಿ ಬ್ಯಾರೆ ಇತ್ತಪ್ಪ. ನೆಗಡಿ ಆಗಿರಬೇಕು ಅಂದ್ಕಂಡೆ. ಮಾತು ಅವೇ ಇದ್ವಲ್ಲ! 'ಅವ್ವಾ, ನನ್ನನ್ನ ನಿನ್ನ ಹೊಟ್ಟೇಲಿ ಹುಟ್ಟಿದ ಮಗ ಅಂತ ತಿಳ್ಕ' ಅಂದ್ರಿ. 'ನಿನ್ನ ಮನೆ ಒಳ್ಳೇರ ಕೈಗೇ ಸೇರಿಸ್ತೀನಿ' ಅಂದ್ರಿ. ಇಬ್ಬರೂ ಅದನ್ನೇ ಅಂದ್ರೆ ನಾನೇನು ಮಾಡ್ಲಿ?"

ಈರಬಸಪ್ಪ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಮಾತು ಕದ್ದ ಕಳ್ಳ ನೀನು ಎಂದು ಇಬ್ಬರೂ ಒಟ್ಟಿಗೇ ಶುರು ಮಾಡಿದೆವು. ಅವನ ಕಂಠ, ನನ್ನ ನಾಲಗೆ, ಎರಡೂ ಸೇರಿ ಊರವರೆಲ್ಲ ಬಂದು ನೆರೆದರು. ಅಷ್ಟರಲ್ಲಿ ಗಾಡಿಯ ಒಳಗಿನಿಂದ ಒಂದು ಕೂಗು ಕೇಳಿತು. ನಮ್ಮ ಜಗಳ ಅಲ್ಲಿಗೇ ನಿಂತಿತು. ದಾರಿಯ ಕುಲುಕಾಟಕ್ಕೆ ಗೌರಮ್ಮನಿಗೆ ನೋವು ಶುರುವಾಗಿತ್ತು.

ಊರವರು ಗಾಡಿ ಎಲ್ಲಿಯದೆಂದು ವಿಚಾರಿಸಿದರು. ಚಳ್ಳಕೆರೆಯದು ಎಂದು ಗೊತ್ತಾದದ್ದೇ ಎಲ್ಲರೂ ಹಿಂದೆ ಸರಿದರು. ಊರ ಪಟೇಲರು ಮುಂದೆ ಬಂದರು. ಕೆಟ್ಟವರಲ್ಲ, ಹೆದರಿದ್ದರು. "ಇಲಿ ಬಿದ್ದ ಊರಿಂದ ಬಂದೀರಿ. ಇಲ್ಲೂ ಮಕ್ಕಳು ಮರಿ ಐದಾವೆ. ಕೈ ಮುಗೀತೀನಿ, ಗಾಡಿ ಹಿಂದಕ್ಕೆ ಹೊಡೀರಿ" ಎಂದರು.

ಬೆಲ್ಲದಂಗಡಿಯವನು ಅಳಲು ಶುರು ಮಾಡಿದ. ಈರಬಸಪ್ಪ ಏನಾದರೂ ಹೇಳುತ್ತಾನೆಂದು ನಾನು ಕಾದೆ. ಅವನು ರುಮಾಲಿನ ಅಂಚು ಬಿಗಿಮಾಡುತ್ತಾ ನಿಂತಿದ್ದ. ಗೌರಮ್ಮ ಗಾಡಿಯ ಗೂಟ ಹಿಡಿದುಕೊಂಡು, "ಅಣ್ಣಾ, ಇನ್ನು ಆಗಲ್ಲ. ಕೂತ್ಕಳಕ್ಕೂ ಆಗ್ತಿಲ್ಲ" ಎಂದಳು. ಯಾರನ್ನು ಅಣ್ಣಾ ಎಂದಳೋ, ಅಲ್ಲಿದ್ದ ಗಂಡಸರೆಲ್ಲ ನೆಲ ನೋಡಿದೆವು.

ಆಗ ನರಸಮ್ಮ ಬಾಗಿಲಿಗೆ ಬಂದಳು. ಕೈತುಂಬ ಸಗಣಿ. ಅವಳ ಗಂಡ ತೆಲುಗಿನಲ್ಲಿ ಬೇಡ ಬೇಡ ಎಂದು ಗೊಣಗುತ್ತಾ ಸೆರಗು ಹಿಡಿದಿದ್ದ. ಅವಳು ಅವನ ಕಡೆ ಒಮ್ಮೆ ನೋಡಿದಳು, ಅಷ್ಟೆ. ಅವನು ಸೆರಗು ಬಿಟ್ಟ. ನರಸಮ್ಮ ಮೆಟ್ಟಿಲಿಳಿದು, ಕೈಯನ್ನು ಸೀರೆಗೆ ಒರಸಿಕೊಂಡು, ಗಾಡಿಯ ಹತ್ತಿರ ಹೋಗಿ ಗೌರಮ್ಮನ ಸೊಂಟಕ್ಕೆ ಕೈಹಾಕಿದಳು. "ರಾ ತಲ್ಲೀ, ಲೋಪಲಿಕಿ ರಾ" ಎಂದಳು. ಒಳಗೆ ಬಾ ತಾಯಿ ಎಂದು. ಗೌರಮ್ಮನಿಗೆ ತೆಲುಗು ಬರುತ್ತಿತ್ತೋ ಇಲ್ಲವೋ, ನರಸಮ್ಮನ ಹೆಗಲಿಗೆ ತಲೆಯಿಟ್ಟು ಇಳಿದಳು.

ಜಗಲಿಯ ಮೇಲೆ ಪಾಪಕ್ಕ ಎದ್ದು ನಿಂತಿದ್ದಳು. "ಯಾರಾನ ನನ್ನ ಕೈ ಹಿಡ್ಕಂಡು ಒಳಕ್ಕೆ ಬಿಡ್ರಿ" ಎಂದಳು. ನಾನು ಹಿಡಿದೆ. ಹೊಸ್ತಿಲ ಬಳಿ ನನ್ನ ಕೈ ಕೊಡವಿ, "ನೀನು ನೀರು ಸೇದು. ಇನ್ನೊಬ್ಬ ನೀನೇ ಐದೀಯಲ್ಲ, ಅವನು ಸೌದೆ ಒಡೀಲಿ" ಎಂದು ಬಾಗಿಲು ಹಾಕಿಕೊಂಡಳು.

ನಾನು ನೀರು ಸೇದಿದೆ. ಈರಬಸಪ್ಪ ರುಮಾಲು ತೆಗೆದಿಟ್ಟು ಸೌದೆ ಒಡೆದ. ರುಮಾಲಿಲ್ಲದೆ ಅವನನ್ನು ನಾನು ನೋಡಿದ್ದು ಅದೇ ಮೊದಲು. ತಲೆ ಪೂರ ಬೋಳಾಗಿತ್ತು. ಒಳಗಿನಿಂದ ಕೂಗು ಬಂದಾಗೆಲ್ಲ ಅವನ ಕೊಡಲಿ ನಿಲ್ಲುತ್ತಿತ್ತು. "ನಾನೇ ಕಣಲೇ ಅವಸರ ಮಾಡಿದ್ದು. ಇನ್ನೊಬ್ರು ಬಂದ್ಬಿಟ್ಟಾರು, ಇವತ್ತೇ ಹೊರಡ್ರಿ ಅಂದೆ" ಎಂದ. ನಾನು ಇನ್ನೊಂದು ಕೊಡ ಸೇದಿದೆ. ಬೇಕಾದದ್ದಕ್ಕಿಂತ ಹೆಚ್ಚು ನೀರು, ಮದುವೆಗಾಗುವಷ್ಟು ಸೌದೆ ಸೇರಿತು.

ಬಿಸಿಲು ಬಾಗುವ ಹೊತ್ತಿಗೆ ಮಗುವಿನ ಅಳು ಕೇಳಿತು. ಮೊದಲು ಸಣ್ಣಗೆ, ಆಮೇಲೆ ಚಳ್ಳಕೆರೆ ಪೇಟೆಗೆ ಕೇಳುವಷ್ಟು ಜೋರಾಗಿ. ಈರಬಸಪ್ಪ ಇದ್ದಲ್ಲೇ ನೆಲದ ಮೇಲೆ ಕೂತುಬಿಟ್ಟ. ಪಾಪಕ್ಕ ಬಾಗಿಲು ತೆರೆದು, "ಹೆಣ್ಣು ಕೂಸು. ತಾಯಿ ಸುಖವಾಗೈದಾಳೆ" ಎಂದಾಗ ಬೆಲ್ಲದಂಗಡಿಯವನು ನನ್ನನ್ನೂ ನೇಕಾರನನ್ನೂ ಒಟ್ಟಿಗೇ ತಬ್ಬಿಕೊಂಡ. ಬೇಡ ಬೇಡ ಎಂದಿದ್ದ ಆ ನೇಕಾರ ಎಲ್ಲರಿಗಿಂತ ಜೋರಾಗಿ ನಕ್ಕ.

ನಗು ಮುಗಿಯುವ ಮೊದಲೇ ಬೇಲಿ ಬಂತು. ಪಟೇಲರು ಆಳುಗಳಿಂದ ಜಾಲಿಮುಳ್ಳು ತರಿಸಿ ಮನೆಯ ಸುತ್ತ ಹಾಕಿಸಿದರು. "ಅಮಾಸೆ ಕಳೀಲಿ. ಅಲ್ಲೀವರ್ಗೂ ಒಳಗಿದ್ದೋರು ಒಳಗೇ. ಹಿಟ್ಟು, ಕಾಳು ಬೇಲಿ ಹತ್ರ ಇಡಿಸ್ತೀನಿ. ಯಾರಿಗೂ ಏನೂ ಆಗದಿದ್ರೆ ನಾನೇ ಬಂದು ಮುಳ್ಳು ಎಳೀತೀನಿ" ಎಂದರು. ತಪ್ಪೇನೂ ಹೇಳಲಿಲ್ಲ ಅವರು. ಮನೆಯ ಒಳಗೆ ಬಾಣಂತಿ, ಮಗು, ಇಬ್ಬರು ಹೆಂಗಸರು. ಹಿತ್ತಲಲ್ಲಿ ನೇಕಾರ, ಬೆಲ್ಲದಂಗಡಿಯವನು. ಜಗಲಿಯ ಮೇಲೆ, ಒಂದೇ ಚಾಪೆಯಲ್ಲಿ, ಚಳ್ಳಕೆರೆಯ ಈರಬಸಪ್ಪನೂ ಮೊಳಕಾಲ್ಮೂರಿನ ನಾನೂ.

ನನ್ನ ಹೆಂಡತಿ ಭಾಗಮ್ಮನಿಗೆ ಸುದ್ದಿ ಕಳಿಸಬೇಕಲ್ಲ. ಆ ಕಡೆ ಕುರಿ ಹೊಡೆದುಕೊಂಡು ಹೋಗುತ್ತಿದ್ದವನಿಗೆ ಬೇಲಿಯ ಈಚೆಯಿಂದಲೇ ಕೂಗಿ, "ಚೆನ್ನಾಗಿದೀನಿ, ಬರೋದು ತಡ ಆಗ್ತೈತೆ ಅಂತ ನಮ್ಮನೇಲಿ ಹೇಳಪ್ಪ" ಎಂದೆ. ಅವನು ಮೊಳಕಾಲ್ಮೂರಿನ ಸಂತೆಗೆ ಹೋಗುತ್ತಿದ್ದ ಇನ್ನೊಬ್ಬನಿಗೆ ಹೇಳಿದನಂತೆ. ಅವನು ಮತ್ಯಾರಿಗೋ ಹೇಳಿದನಂತೆ.

ಮೊದಮೊದಲು ಈರಬಸಪ್ಪನೂ ನಾನೂ ಚಾಪೆಯ ಎರಡು ಅಂಚಿನಲ್ಲಿ ಬೆನ್ನು ಹಾಕಿ ಕೂರುತ್ತಿದ್ದೆವು. ಆದರೆ ಅಡಿಗೆಯಾಗಬೇಕಲ್ಲ. ಅವನಿಗೆ ಮುದ್ದೆ ತಿರುವಲು ಬರುತ್ತಿತ್ತು, ಸಾರು ಬರುತ್ತಿರಲಿಲ್ಲ. ನನಗೆ ಎರಡೂ ಬರುತ್ತಿರಲಿಲ್ಲ, ಆದರೆ ಅವನೆದುರು ಸಾರು ಬರುತ್ತದೆ ಎಂದು ಹೇಳಿಬಿಟ್ಟಿದ್ದೆ. "ಇದನ್ನ ಸಾರು ಅಂತ ಮಾರಬಲ್ಲೆ ಅಂದ್ರೆ ನೀನು ದೊಡ್ಡ ದಲ್ಲಾಳೀನೇ ಕಣಲೇ" ಎಂದು ಅವನು ತಟ್ಟೆ ಖಾಲಿ ಮಾಡುತ್ತಿದ್ದ. ಒಳಗೆ ಗೌರಮ್ಮನೂ ನರಸಮ್ಮನೂ ಒಬ್ಬರ ಭಾಷೆ ಒಬ್ಬರು ಕಲಿಯುತ್ತಾ ನಗುವುದು ಕೇಳಿಸುತ್ತಿತ್ತು. ನಾವಿಬ್ಬರು ಮಾತ್ರ ಒಂದೇ ಭಾಷೆಯಲ್ಲಿ ಕಚ್ಚಾಡುತ್ತಿದ್ದೆವು.

ಒಂದು ಬೆಳಿಗ್ಗೆ ಈರಬಸಪ್ಪ ಏಳಲಿಲ್ಲ. ಮುಟ್ಟಿದರೆ ಮೈ ಕಾದ ಹೆಂಚು. ಕಣ್ಣುಗಳು ಕೆಂಡದ ಹಾಗಿದ್ದವು.

"ದೂರ ಕೂತ್ಕಳಲೇ ತಿಪ್ಪೇಸಿ" ಎಂದ. ನನ್ನ ಹೆಸರು ತಿಪ್ಪೇಸ್ವಾಮಿ. ಅವನು ನನ್ನನ್ನು ಹೆಸರು ಹಿಡಿದು ಕರೆದದ್ದು ಅಂದೇ ಮೊದಲು.

"ಯಾಕ್ರಿ?"

"ತೊಡೆಸಂದೀಲಿ ಗಡ್ಡೆ ಎದ್ದೈತೆ."

ಒಳಗೆ ಮಗು ಅಳುತ್ತಿತ್ತು, ಗೌರಮ್ಮ ಸಮಾಧಾನ ಮಾಡುತ್ತಿದ್ದಳು. ನಾನು ಎದ್ದು ಹಿತ್ತಲಿಗೆ ಹೋಗಬಹುದಿತ್ತು. ಹೋಗಲಿಲ್ಲ. ಧೈರ್ಯವಂತ ಎಂದು ತಿಳಿಯಬೇಡಿ, ಒಂದೇ ಚಾಪೆಯಲ್ಲಿ ಮಲಗಿದವನು ಹಿತ್ತಲಿಗೆ ಹೋಗಿ ಮಾಡುವುದೇನು? ಇದ್ದಲ್ಲೇ ಕೂತು, ನನ್ನ ಕಂಕುಳನ್ನೂ ಗುಟ್ಟಾಗಿ ಒಮ್ಮೆ ಒತ್ತಿ ನೋಡಿಕೊಂಡೆ. ಆಮೇಲೆ ವಸ್ತ್ರ ಒದ್ದೆ ಮಾಡಿ ಅವನ ಹಣೆಗೆ ಹಾಕಿದೆ.

"ಇಲ್ಲಿ ಕೇಳು. ನಾನು ಉಳಿಯಲ್ಲ. ನಮ್ಮ ಪ್ಯಾಟೇಲಿ ಬಳೆಗಾರರ ಮನೆ ಮಾರೋಕೈತೆ. ಅದರ ಬಾವಿ ನೀರು ಸವುಳು. ತೋರಿಸೋ ದಿನ ಬ್ಯಾರೆ ಕಡೆಯಿಂದ ಸಿಹಿನೀರು ತರಿಸಿ ಕೊಡದಾಗೆ ತುಂಬಿಸಿದ್ದೆ. ಕೊಳ್ಳೋರಿಗೆ ಹೇಳಿಬಿಡು."

"ಆಗ್ಲಿ ಕಣ್ರಿ."

"ಮೇಗಲ ಓಣಿ ಮನೆ ಹಿಂದಿನ ಗೋಡೆ ಬಿರುಕು ಬಿಟ್ಟೈತೆ. ಕಾಣಬಾರ್ದು ಅಂತ ಹುಲ್ಲಿನ ಬಣವೆ ಒಟ್ಟಿಸಿದ್ದೆ."

"ಹೇಳ್ತೀನ್ರಿ. ಈಗ ಸುಮ್ನೆ ಮಲಗ್ರಿ."

"ಇನ್ನೂ ಐತೆ. ದೊಡ್ಡಉಳ್ಳಾರ್ತಿ ಕಡೆ ಒಂದು ಹೊಲ ತೋರಿಸ್ತಿದ್ದೆ, ಅದಕ್ಕೆ ದಾರೀನೇ ಇಲ್ಲಲೇ. ಸರ್ಕಾರದ ಹುಲ್ಲಿನ ಕಾವಲಿನ ಮೇಲೆ ಹಾದು ಹೋಗ್ಬೇಕು. ದನ ಮೇಯಿಸೋ ಹೊತ್ತಲ್ಲಿ ಕಾವಲಿನೋರು ಬಿಡಲ್ಲ."

ಹೀಗೇ ಚಳ್ಳಕೆರೆ ಪೇಟೆಯ ಸೋರುವ ಮಾಳಿಗೆಗಳೂ ವಾಲಿದ ಗೋಡೆಗಳೂ ಒಂದೊಂದಾಗಿ ಹೊರಬಂದವು. ಅವನ ಉಸಿರು ಮೇಲೆ ಮೇಲೆ ಬರುತ್ತಿತ್ತು. ಕಡೆಗೆ ಅವನು ನನ್ನ ಕೈ ಹಿಡಿದುಕೊಂಡ. "ನಮ್ಮ ಮನೆಯಾಕಿಗೆ ಹೇಳು. ಊರಿಗೆಲ್ಲ ಮನೆ ಕೊಡಿಸ್ದೆ. ಆಕಿನ ಮಾತ್ರ ಬಾಡಿಗೆ ಮನೇಲೇ ಇಟ್ಟೆ" ಎಂದ. ಅವನ ಮೀಸೆಯ ಮೇಲೆ ಕಣ್ಣೀರು ಇಳಿಯಿತು. ಈ ಮನುಷ್ಯ ಸತ್ತರೆ ನನ್ನ ದಾರಿ ಸುಗಮವಾದೀತು ಎಂಬ ಯೋಚನೆ ನನಗೆ ಹಿಂದೆ ಬಂದದ್ದುಂಟು. ಆ ಹೊತ್ತು ಅವನ ಕೈ ಬಿಡಿಸಿಕೊಳ್ಳಲು ನನ್ನಿಂದ ಆಗಲಿಲ್ಲ. ಯಾವ ದೇವರೂ ನೆನಪಿಗೆ ಬಾರದೆ, ನಾನು ಒಮ್ಮೆಯೂ ಬೆಟ್ಟ ಹತ್ತಿ ನೋಡದ ನಮ್ಮ ಸೀಮೆಯ ಜಟಿಂಗ ರಾಮೇಶ್ವರನಿಗೆ ಹರಕೆ ಹೊತ್ತೆ.

ನಮ್ಮ ಪಿಸುಮಾತು ಪಾಪಕ್ಕನಿಗೆ ಕೇಳಿಸಿರಬೇಕು. ಗೋಡೆ ಸವರಿಕೊಂಡು ಹೊರಗೆ ಬಂದಳು. "ಎಲ್ಲೈತೆ, ತೋರ್ಸು" ಎಂದಳು.

"ಬ್ಯಾಡ ಅವ್ವ, ಅಂಟ್ಕಂತೈತೆ. ಅದೂ ಅಲ್ದೆ... ಜ್ಯಾಗ ಸರಿಯಿಲ್ಲ."

"ಈ ಊರಿನ ಗಂಡಸ್ರನ್ನೆಲ್ಲ ಬರಿಮೈಲಿ ಎತ್ತಿ ಹಿಡಿದೋಳು ನಾನು. ನಿಂದೇನಪ್ಪ ಹೊಸದು? ಕಾಲು ತೆಗಿ ಅತ್ತ."

ನಾನು ಮುಖ ತಿರುಗಿಸಿಕೊಂಡೆ. ಆಮೇಲೆ ಈರಬಸಪ್ಪ, ದಾಂಡಿಗನಂಥ ಆಳು, ಅಮ್ಮಾ ಎಂದು ಚೀರಿದ. ಅದರ ಹಿಂದೆಯೇ ಪಾಪಕ್ಕನ ನಗು ಕೇಳಿತು.

"ಗಾಡೀಲಿ ಬರಿ ಹಲಗೆ ಮೇಲೆ ಕೂತಿದ್ಯೇನಪ್ಪ? ಮರದ ಸಿಬರು ಹೊಕ್ಕೈತೆ ತೊಡೆಗೆ. ಕುರು ಎದ್ದೈತೆ. ಚೆನ್ನಾಗಿ ಹಣ್ಣಾಗೈತೆ. ಅದರ ನಂಜಿಗೇ ಜ್ವರ, ಅದರ ನಂಜಿಗೇ ಸಂದೀಲಿ ಬಾವು. ಮಾರಿಯೂ ಇಲ್ಲ, ಮಸಣವೂ ಇಲ್ಲ. ಪಟ್ಟು ಹಾಕ್ತೀನಿ, ಒಡೀತೈತೆ."

ಅವಳು ಹಿಟ್ಟು, ಅರಿಶಿನ ಬೇಯಿಸಿ ಬಿಸಿಬಿಸಿಯಾಗಿ ಪಟ್ಟು ಹಾಕಿದಳು. ಹೊತ್ತು ಮುಳುಗುವ ಮೊದಲೇ ಕುರು ಒಡೆಯಿತು, ಜ್ವರ ಇಳಿಯಿತು. ಈರಬಸಪ್ಪ ನರಸಮ್ಮ ಕೊಟ್ಟ ಗಂಜಿ ಕುಡಿದು ಗೋಡೆಗೆ ಒರಗಿ ಕೂತ. ನಾನು ಬಾವಿಕಟ್ಟೆಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡೆ. ಎಷ್ಟು ಸುರಿದುಕೊಂಡರೂ ಸಾಕೆನಿಸಲಿಲ್ಲ. ಬದುಕಿದೆ ಎನ್ನುವುದು ಮೈಗೆ ಗೊತ್ತಾಗುವುದು ಹೀಗೆಂದು ನನಗೆ ಆವರೆಗೆ ತಿಳಿದಿರಲಿಲ್ಲ.

ಜಗಲಿಗೆ ಬಂದಾಗ ಈರಬಸಪ್ಪ ಮೆಲ್ಲಗೆ ಕೆಮ್ಮಿದ. "ಲೇ ತಿಪ್ಪೇಸಿ. ಬೆಳಗ್ಗೆ ಜ್ವರದಾಗೆ ನಾನು ಏನೇನೋ ಅಂದ್ನೇನೋ."

"ಅಂದ್ರಿ."

"ಬಾವಿ ವಿಷಯಾನೂ?"

"ಬಾವಿ, ಬಣವೆ, ಕಾವಲು, ಎಲ್ಲ."

ಅವನು ವಸ್ತ್ರ ಎಳೆದು ಮುಖ ಮುಚ್ಚಿಕೊಂಡ. ಸ್ವಲ್ಪ ಹೊತ್ತಿಗೆ ವಸ್ತ್ರ ಅಲುಗತೊಡಗಿತು. ಅಳುತ್ತಾನೋ ಎಂದು ಸರಿಸಿ ನೋಡಿದರೆ ನಗುತ್ತಿದ್ದ. ನನಗೂ ತಡೆಯಲಾಗಲಿಲ್ಲ. ಏನಾಯಿತೆಂದು ನೋಡಲು ಬಂದ ನೇಕಾರನೂ ಬೆಲ್ಲದಂಗಡಿಯವನೂ ಕಾರಣ ಗೊತ್ತಿಲ್ಲದೆಯೇ ನಕ್ಕರು. ಬೇಲಿಯಾಚೆ ದನ ಹೊಡೆದುಕೊಂಡು ಹೋಗುತ್ತಿದ್ದವನು ಇವರಿಗೆ ತಲೆ ಕೆಟ್ಟಿದೆ ಎಂದು ಹೆಜ್ಜೆ ಬಿರುಸು ಮಾಡಿದ.

ನಗು ನಿಂತ ಮೇಲೆ ಈರಬಸಪ್ಪ ಹೇಳಿದ: "ಎದೆ ಹಗುರಾತು ಕಣಲೇ. ಜ್ವರ ಬಿಟ್ಟಿದ್ದಕ್ಕಲ್ಲ. ಹೇಳಿಕೊಂಡದ್ದಕ್ಕೆ. ಸಾಯೋ ಮುಂದೆ ಹೇಳೋದನ್ನ ಮಾರೋ ಮುಂದೇನೇ ಹೇಳಿಬಿಟ್ರೆ ಹೆಂಗೆ?"

ನಮ್ಮ ಸಂಘ ಹುಟ್ಟಿದ್ದು ಆಗ. ಅಮಾವಾಸ್ಯೆಯವರೆಗೆ ನಮಗೆ ಬೇರೆ ಕೆಲಸವೇನಿತ್ತು? ಚಾಪೆಯ ಮೇಲೆ ಕೂತು ಕಟ್ಟಳೆ ಮಾಡಿದೆವು. ಮನೆ ತೋರಿಸುವಾಗ ಮೊದಲು ಅದರ ದೋಷ ಹೇಳಬೇಕು, ಆಮೇಲೆ ಗುಣ. ಒಬ್ಬ ಮಾತಾಡಿದ ಮನೆಗೆ ಇನ್ನೊಬ್ಬ ಹೋಗುವ ಮೊದಲು ಅವನನ್ನು ಕೇಳಬೇಕು. ಯಾವ ದಲ್ಲಾಳಿಯೂ ಯಾವ ಮುದುಕಿಗೂ 'ನಿನ್ನ ಮಗ ಅಂತ ತಿಳ್ಕ' ಎನ್ನಕೂಡದು. ಈ ಕೊನೆಯದು ಪಾಪಕ್ಕ ಒಳಗಿನಿಂದ ಕೂಗಿ ಸೇರಿಸಿದ್ದು.

ಮುಂದಿನ ಕತೆ ಹುಡುಗರಿಗೆ ಬೇಕಾದ ಇತಿಹಾಸ. ಚಳ್ಳಕೆರೆಯಲ್ಲಿ ಮೊದಲ ಸಭೆ ಕೂಡಿದಾಗ ಅವರು ಕುರ್ಚಿ ಹಾಕಿಸಿದ್ದರು. ನಮ್ಮ ಮೊಳಕಾಲ್ಮೂರಿನವರು ಚಾಪೆಯೇ ಆಗಬೇಕೆಂದು ಹಟ ಹಿಡಿದು ನಿಂತೇ ಇದ್ದರು. ಕೊನೆಗೆ ಯಾರೂ ಕೂರದೆ ಈರಬಸಪ್ಪ ಅಧ್ಯಕ್ಷನಾದ, ನಾನು ಕಾರ್ಯದರ್ಶಿಯಾದೆ. ದೋಷ ಹೇಳಿದರೆ ಯಾರು ಕೊಳ್ಳುತ್ತಾರೆಂದು ಉಳಿದವರು ಬೊಬ್ಬೆ ಹೊಡೆದರು. ಬಳೆಗಾರರ ಮನೆಯ ಬಾವಿ ಸವುಳೆಂದು ಈರಬಸಪ್ಪ ಎಲ್ಲರೆದುರು ಹೇಳಿದಾಗ ಕೊಳ್ಳಲು ಬಂದವರು ಎದ್ದು ಹೋದದ್ದೂ ನಿಜ. ಆದರೆ ಮರುವಾರ ಅವರೇ ಬಂದು, "ನೀವು ನಿಜ ಹೇಳ್ತೀರಿ, ಬ್ಯಾರೆ ಮನೆ ತೋರಿಸ್ರಿ" ಎಂದರು. ಜನ ನಮ್ಮನ್ನು ದೋಷದ ದಲ್ಲಾಳಿಗಳು ಎಂದು ಕರೆದರು. ಬೈಗುಳವಾಗಿ ಶುರುವಾದದ್ದು ಬರಬರುತ್ತಾ ನಂಬಿಕೆಯ ಹೆಸರಾಯಿತು. ಈರಬಸಪ್ಪ ಮನೆಯಾಕೆಗೆ ಒಂದು ಸಣ್ಣ ಮನೆ ಕೊಂಡು, ಅದರ ದೋಷಗಳನ್ನೆಲ್ಲ ಅವಳ ಮುಂದೆ ಸಾವಕಾಶವಾಗಿ ಹೇಳಿ, ಬೈಸಿಕೊಂಡ.

ಪಾಪಕ್ಕನ ಮನೆ ನರಸಮ್ಮನಿಗೇ ಉಳಿಯಿತು. ಚಳ್ಳಕೆರೆಯಲ್ಲಿ ರೋಗ ಅಡಗಿದ ಮೇಲೆ ಗೌರಮ್ಮ ಮಗುವನ್ನೆತ್ತಿಕೊಂಡು ತನ್ನ ಮನೆಗೇ ಹೋದಳು. ಮಗುವಿಗೆ ನರಸಮ್ಮ ಎಂದೇ ಹೆಸರಿಟ್ಟರು. ಆ ಹೆಸರು ಇವರಲ್ಲಿ ಹೇಗೆ ಬಂತೆಂದು ಪೇಟೆಯ ಜನ ಬಹಳ ವರ್ಷ ಕೇಳುತ್ತಿದ್ದರು. ಈರಬಸಪ್ಪನ ಸಂಚಕಾರ ಹಿಂದಕ್ಕೆ ಕೊಡುವಾಗ ಪಾಪಕ್ಕ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ಮೀಸೆ ಮುಟ್ಟಿ ನೋಡಿಯೇ ಕೊಟ್ಟಳು.

ಆದರೆ ಬೇಲಿ ತೆಗೆದ ದಿನದ ಮಾತನ್ನು ಬಿಟ್ಟರೆ ನನಗೆ ಸಮಾಧಾನವಿಲ್ಲ. ಅಮಾವಾಸ್ಯೆ ಕಳೆದ ಬೆಳಿಗ್ಗೆ ಪಟೇಲರು ಹೇಳಿದಂತೆಯೇ ಬಂದರು. ಮೊದಲ ಮುಳ್ಳನ್ನು ಸ್ವಂತ ಕೈಯಿಂದ ಎಳೆದರು. ಕೈಗೆ ಚುಚ್ಚಿ ರಕ್ತ ಬಂದರೂ ನಗುತ್ತಿದ್ದರು. ಒಬ್ಬರಿಗೂ ಏನೂ ಆಗಿರಲಿಲ್ಲ. ಈರಬಸಪ್ಪ ಕುಂಟುತ್ತಾ ಒಂದು ದಿಕ್ಕಿಗೆ, ನಾನು ಒಂದು ದಿಕ್ಕಿಗೆ ಹೊರಟೆವು.

ಮೊಳಕಾಲ್ಮೂರಿನ ದಾರಿಯಲ್ಲಿ ಸ್ವಲ್ಪ ದೂರ ನಡೆದಿರಬೇಕು, ಎದುರಿನಿಂದ ಗಾಡಿಯೊಂದು ಬರುತ್ತಿತ್ತು. ಹೊಡೆಯುತ್ತಿದ್ದವನು ನನ್ನ ಹೆಂಡತಿಯ ಅಣ್ಣ. ಗಾಡಿ ನಿಲ್ಲುವ ಮೊದಲೇ ಭಾಗಮ್ಮ ಇಳಿದಳು. ನಾನು ಕಳಿಸಿದ ಸುದ್ದಿ ಬಾಯಿಂದ ಬಾಯಿಗೆ ಹೋಗಿ, ಕೊಂಡ್ಲಹಳ್ಳಿಯಲ್ಲಿ ದಲ್ಲಾಳಿಗೆ ಗಡ್ಡೆ ಎದ್ದಿದೆಯಂತೆ ಎಂಬುದಾಗಿ ಅವಳಿಗೆ ಮುಟ್ಟಿತ್ತು.

ಅವಳು ನನ್ನ ಹತ್ತಿರ ಬಂದಳು. ನನ್ನ ತೋಳು ಎತ್ತಿ ಕಂಕುಳಿಗೆ ಕೈಹಾಕಿ ಒತ್ತಿದಳು. ಆಮೇಲೆ ಇನ್ನೊಂದು ತೋಳು. ಆಮೇಲೆ ಕತ್ತು, ಕಿವಿಯ ಹಿಂದೆ. ನಡುದಾರಿಯಲ್ಲಿ, ಅಣ್ಣನೆದುರು, ಹಾದು ಹೋಗುವವರೆದುರು. ಮದುವೆಯಾದ ಮೇಲೆ ನಾಲ್ಕು ಜನರ ಮುಂದೆ ನನ್ನ ಪಕ್ಕದಲ್ಲಿ ನಿಲ್ಲಲೂ ನಾಚುತ್ತಿದ್ದವಳು.

"ಇಲ್ಲಿ ನೋವೈತೇನ್ರಿ?"

"ಇಲ್ಲ."

"ಇಲ್ಲಿ?"

"ಏನೂ ಇಲ್ಲ ಕಣೆ. ಚೆನ್ನಾಗಿದೀನಿ."

ಅವಳ ಅಣ್ಣ ಎತ್ತುಗಳ ಕಡೆ ತಿರುಗಿ, ಅವುಗಳ ಮೈಯಲ್ಲಿ ಇಲ್ಲದ ಉಣ್ಣೆ ಹುಳ ಹುಡುಕತೊಡಗಿದ. ಭಾಗಮ್ಮ ಗಾಡಿಯಿಂದ ಬುತ್ತಿಯ ಗಂಟು ತೆಗೆದು, ದಾರಿಬದಿಯ ಬೇವಿನ ಮರದ ಕೆಳಗೆ ಕೂತು ಬಿಚ್ಚಿದಳು. ಸಜ್ಜೆ ರೊಟ್ಟಿ, ಬೆಣ್ಣೆ, ಕೆಂಪು ಚಟ್ನಿ. ನನಗೆ ಏನಾದರೂ ಮಾತಾಡಬೇಕೆನಿಸಿತು.

"ನಾನು ಸತ್ತೇ ಹೋದೆ ಅಂದ್ಕಂಡು ಬಂದ್ಯೇನು?"

"ಅಂದ್ಕಂಡಿದ್ರೆ ರೊಟ್ಟಿ ಸುಡ್ತಾ ಕೂತಿರ್ತಿದ್ನಾ?" ಎಂದಳು. ಅಷ್ಟು ಹೊತ್ತು ತಡೆದಿಟ್ಟ ಅಳು ಆಗ ಬಂತು. ಅಳುತ್ತಲೇ ರೊಟ್ಟಿಯ ಮೇಲೆ ಬೆಣ್ಣೆ ಸವರಿ ನನ್ನ ಕೈಗಿಟ್ಟಳು.